ಪ್ರೈವೇಟ್ ನಂಬರ್

ಮೊನ್ನೆ ಅಕ್ಕ ಬಾಣಾವರದಿಂದ ಯಾರ ಕೈಲೋ ಒಂದು ಚೀಲ ಕಳಿಸಿದ್ದಳು. ಮೇಲೆ ಅವರೆಕಾಳು, ಹುರುಳಿ. ಅಡಿಯಲ್ಲಿ ಕೊಬ್ಬರಿ ಗಿಟುಕು. ಒಂದನ್ನು ಒಡೆದೆ ನೋಡಿ, ಅಷ್ಟೇ. ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಬೇರೆಯವರಿಗೆ ಕೊಬ್ಬರಿಯ ವಾಸನೆಗೆ ಒಬ್ಬಟ್ಟು ನೆನಪಾಗುತ್ತದೆ, ಹಬ್ಬ ನೆನಪಾಗುತ್ತದೆ. ನನಗೆ ನೆನಪಾಗುವುದು ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಮಂಡಿಯ ಮೇಲಿದ್ದ ಕೋಣೆ, ಆ ಕೋಣೆಯ ಮೇಜಿನ ಮೇಲಿದ್ದ ಒಂದು ಫೋನು. ಹಾಳಾದ ಫೋನು.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ರಾಗಿ ಕೊಯ್ಲು ಮುಗಿದು ಒಕ್ಕಣೆ ಶುರುವಾಗಿದ್ದ ಚಳಿಗಾಲ. ನಾನಾಗ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಮ್ಮ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಒಂದು ಬ್ಯಾಂಕಿನ ಆಡಳಿತದವರೇ ನಮ್ಮನ್ನು ಕರೆದು, ಸಹಿ ಮಾಡಿ ಅನುಮತಿ ಕೊಟ್ಟು, 'ಕಳ್ಳರು ನುಗ್ಗುವ ಹಾಗೇ ನಮ್ಮ ಕಂಪ್ಯೂಟರುಗಳೊಳಗೆ ನುಗ್ಗಿ ತೋರಿಸಿ, ಎಲ್ಲಿ ಸಡಿಲವಿದೆ ಹೇಳಿ' ಎನ್ನುತ್ತಾರೆ. ಕದಿಯುವ ಹಾಗಿಲ್ಲ, ಕೆಡಿಸುವ ಹಾಗಿಲ್ಲ. ಬ್ಯಾಂಕಿನ ಕಂಪ್ಯೂಟರ್ ವಿಭಾಗದವರಿಗೆ ಇಂಥದ್ದೊಂದು ಪರೀಕ್ಷೆ ನಡೆಯಲಿದೆ ಎಂದಷ್ಟೇ ಗೊತ್ತು. ಯಾರು, ಯಾವಾಗ, ಹೇಗೆ ಎಂಬುದು ಗೊತ್ತಿಲ್ಲ. ಅವರು ನಮ್ಮನ್ನು ಹಿಡಿಯಬೇಕು, ನಾವು ಸಿಕ್ಕಿಬೀಳಬಾರದು.

ಆ ಚಳಿಗಾಲದಲ್ಲಿ ನಮಗೆ ಬಂದದ್ದು ಅರಸೀಕೆರೆ, ಬೇಲೂರು, ಹಳೇಬೀಡು ಈ ಮೂರು ಕಡೆ ಶಾಖೆಗಳಿದ್ದ ಒಂದು ಬ್ಯಾಂಕು. ಹೆಸರು ಬೇಡ. ಬಾಣಾವರದ ಹುಡುಗಿ, ಆ ಕಡೆಯ ಮಾತು ಬರುತ್ತದೆ ಎಂದು ನನ್ನನ್ನೇ ಊರೂರು ತಿರುಗುವ ಕೆಲಸಕ್ಕೆ ಹಾಕಿದರು. ಪ್ರಿಂಟರ್ ರಿಪೇರಿಯವಳ ವೇಷದಲ್ಲಿ ಶಾಖೆಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಮು ಕೂರಿಸಿ ಬರುವುದು ನನ್ನ ಪಾಲು. ಅದಕ್ಕೆ ನಮ್ಮಲ್ಲಿ ಏಜೆಂಟ್ ಎನ್ನುತ್ತಾರೆ. ಅದು ಅಲ್ಲೇ ಸದ್ದಿಲ್ಲದೆ ಕೂತು ಆಗಾಗ 'ಇದ್ದೀನಿ' ಎಂದು ನಮಗೆ ಸುದ್ದಿ ಕಳಿಸುತ್ತದೆ, ನಾವು ಹೇಳಿದ್ದನ್ನು ಕೇಳುತ್ತದೆ, ಗೊತ್ತುಮಾಡಿದ ದಿನ ಬಂದಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅರಸೀಕೆರೆಯ ಕೋಣೆಯಲ್ಲಿ ಕೂತು ಅವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ರಘು. ಬೇಲೂರಿನದಕ್ಕೆ 'ದರ್ಪಣ' ಎಂದು ಹೆಸರಿಟ್ಟಿದ್ದ, ಹಳೇಬೀಡಿನದಕ್ಕೆ 'ನಂದಿ'. ಆ ನಂದಿಯೋ, ಹೆಸರಿಗೆ ತಕ್ಕ ಹಾಗೆ ಜಪ್ಪಯ್ಯ ಅಂದರೂ ಅಲುಗಾಡುತ್ತಿರಲಿಲ್ಲ. ಅಲ್ಲಿಯ ಮ್ಯಾನೇಜರು ಕರೆಂಟ್ ಹೋದರೂ ಬಂದರೂ ಪ್ಲಗ್ಗನ್ನೇ ಕಿತ್ತು ಇಟ್ಟುಬಿಡುತ್ತಿದ್ದರು.

"ನಿನ್ನ ನಂದಿ ಇವತ್ತೂ ಎದ್ದಿಲ್ಲ ಕಣೇ ಮಂಜು," ಎನ್ನುತ್ತಿದ್ದ ರಘು.

"ನಂದಂತೆ! ಸಾಕೋನು ನೀನು, ನಾನು ಬರೀ ಹೆತ್ತೋಳು," ಎನ್ನುತ್ತಿದ್ದೆ ನಾನು.

ರಘು ಹಾರನಹಳ್ಳಿಯವನು. ಸಂಕ್ರಾಂತಿಗೆ ಬಾಣಾವರಕ್ಕೆ ಹೋಗಿ ನಮ್ಮಪ್ಪನ ಹತ್ತಿರ ನಮ್ಮ ಮದುವೆಯ ಮಾತು ತೆಗೆಯುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಅದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಕೆಲಸ ಶುರುವಾಗುವ ಮುಂಚೆ ಊರಿಗೆ ಹೋಗಿದ್ದೆ. ಅಪ್ಪ ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಅಮ್ಮ ಹೋದ ಮೇಲೆ ಅಕ್ಕ-ಭಾವನ ಜೊತೆಗಿದ್ದರು. ಮನೆ ಇದ್ದದ್ದು ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಅವರು ಕಾದ ಗೇಟಿನಿಂದ ಕೂಗಳತೆ ದೂರದಲ್ಲಿ. ನಾವು ಅಕ್ಕತಂಗಿಯರು ಬೆಳೆದದ್ದೇ ಆ ಗೇಟಿನ ಫೋನಿನ ಸದ್ದಿನಲ್ಲಿ. ಸ್ಟೇಷನ್ನಿನಿಂದ ಗಂಟೆ ಬಾರಿಸಿದರೆ ಅಪ್ಪ ಗೇಟು ಮುಚ್ಚಿ, ಫೋನು ಎತ್ತಿ, "ಗೇಟ್ ಮುಚ್ಚೈತೆ ಸಾರ್, ಪ್ರೈವೇಟ್ ನಂಬರ್ ಇಪ್ಪತ್ತೊಂಬತ್ತು" ಎನ್ನುತ್ತಿದ್ದರು. ಇನ್ನೊಂದು ಗಾಡಿಗೆ ಇನ್ನೊಂದು ನಂಬರು. ಆ ನಂಬರು ಹೇಳಿದರೇನೇ ಆ ಕಡೆಯವರಿಗೆ ಮಾತಾಡುತ್ತಿರುವವನು ಗೇಟ್‌ಮ್ಯಾನೇ ಹೌದು ಎಂಬ ನಂಬಿಕೆ. ಒಮ್ಮೆ ಉಪಯೋಗಿಸಿದ್ದನ್ನು ಮತ್ತೆ ಉಪಯೋಗಿಸುವಂತಿಲ್ಲ. ಬೇರೆಯವರ ಕಿವಿಗೆ ಹಾಕುವಂತಿಲ್ಲ. ನಾವು ಸುತ್ತಮುತ್ತ ಆಡುತ್ತಿದ್ದರೆ ಅಪ್ಪ ಫೋನಿಗೆ ಕೈ ಅಡ್ಡ ಇಟ್ಟುಕೊಂಡೇ ಹೇಳುತ್ತಿದ್ದರು. ಆದರೂ ನಮಗೆ ಕೇಳುತ್ತಿತ್ತು ಅನ್ನಿ. ನಿವೃತ್ತರಾದ ಮೇಲೂ ಮಧ್ಯಾಹ್ನದ ನಿದ್ದೆಯಲ್ಲಿ ಒಂದೊಂದು ಸಲ ನಂಬರು ಹೇಳುತ್ತಿದ್ದರು. ಅಕ್ಕ ಅಡುಗೆಮನೆಯಿಂದಲೇ "ಗಾಡಿ ಹೋಯ್ತು ಕಣಪ್ಪಾ, ಮಲಗು" ಎಂದು ಕೂಗಿ ನಗುತ್ತಿದ್ದಳು.

ನಮ್ಮ ಕೆಲಸದ ಕಟ್ಟಳೆಯೂ ಅಂಥದ್ದೇ. ಸ್ವಂತ ಮೊಬೈಲು ಆರಿಸಿ ಕೋಣೆಯ ಡ್ರಾಯರಿನಲ್ಲಿಡಬೇಕು. ತಿರುಗುವಾಗ ಕಂಪನಿ ಕೊಟ್ಟ ಬೇರೆ ಮೊಬೈಲು. ಮನೆಯವರಿಗೆ ತುರ್ತು ಬಂದರೆ ಕೋಣೆಯ ಫೋನಿಗೆ ಮಾಡಬೇಕು. ಅದೂ ಮನೆಯಲ್ಲಿ ಒಬ್ಬರಿಗೆ ಮಾತ್ರ ಒಂದು ಗುಟ್ಟಿನ ಸಂಖ್ಯೆ ಹೇಳಿಕೊಟ್ಟಿರಬೇಕು. ಫೋನು ಮಾಡಿದವರು ಮೊದಲು ಆ ಸಂಖ್ಯೆ ಹೇಳಬೇಕು. ಎತ್ತಿದವರು ತಾವಾಗಿ ಕೇಳಬಾರದು, ಕೇಳಿದರೆ ಅಂಥದ್ದೊಂದು ಇದೆ ಎಂಬುದೇ ಬಯಲಾಗುತ್ತದೆ. ನಾನು ಆರಿಸಿಕೊಂಡದ್ದು ಅಪ್ಪನನ್ನು. ಇನ್ಯಾರನ್ನು ಆರಿಸಲಿ ಹೇಳಿ? ಜೀವಮಾನವೆಲ್ಲ ಅದನ್ನೇ ಮಾಡಿದವರು.

ವಿಷಯ ಕೇಳಿ ಅಪ್ಪನ ಮುಖ ಅರಳಿತು. "ಅಂದ್ರೆ ನಿಮ್ದೂ ಪ್ರೈವೇಟ್ ನಂಬರ್ ಐತೆ ಅನ್ನು!" ಎಂದರು. ಗೋಡೆಯ ಮೇಲೆ ಫೋನಿನ ಪಕ್ಕ ಅರಸೀಕೆರೆ ಕೋಣೆಯ ನಂಬರನ್ನು ದಪ್ಪಗೆ ಬರೆದುಕೊಂಡರು. ಗುಟ್ಟಿನ ಸಂಖ್ಯೆ ಮಾತ್ರ ಎಲ್ಲೂ ಬರೆಯಲಿಲ್ಲ. ಅಕ್ಕ "ಅದೇನಪ್ಪಾ ಅವಳು ಕಿವೀಲಿ ಹೇಳಿದ್ದು?" ಎಂದದ್ದಕ್ಕೆ, "ನಿಂಗ್ಯಾಕವ್ವಾ? ಅರ್ಜೆಂಟ್ ಇದ್ರೆ ನಂಗೆ ಹೇಳು, ನಾನೇ ಮಾಡ್ತೀನಿ," ಎಂದುಬಿಟ್ಟರು. ಅಕ್ಕ ಮೂತಿ ತಿರುವಿಕೊಂಡು ಒಳಗೆ ಹೋದಳು.

ಮಾರನೇ ದಿನವೇ, ಲೈನು ಸರಿಯಿದೆಯೋ ಇಲ್ಲವೋ ನೋಡಬೇಕೆಂದು ಅಪ್ಪ ಕೋಣೆಗೆ ಫೋನು ಹಚ್ಚಿದರು. ನಾನು ರಘುವಿನ ಪಕ್ಕದಲ್ಲೇ ಇದ್ದೆ. ಮೊದಲು ಸಂಖ್ಯೆ ಹೇಳಿದರು, ಆಮೇಲೆ ಹೆಸರು, ಆಮೇಲೆ "ಲೈನ್ ಟೆಸ್ಟಿಂಗ್ ಸಾರ್". ರಘು ನಗು ತಡೆದುಕೊಂಡು ಎದ್ದುನಿಂತು ಮಾತಾಡಿದ. ಅಪ್ಪ ಅಲ್ಲಿಗೇ ಬಿಡಲಿಲ್ಲ. "ಈ ನಂಬರ್ ಖರ್ಚಾಯ್ತು. ಹೊಸದು ಕೊಡಿ," ಎಂದರು. ರಘು ನನ್ನ ಕಡೆ ನೋಡಿ, "ಎಪ್ಪತ್ತಮೂರು ಸರ್," ಎಂದ. ಆ ಕಡೆಯಿಂದ ಅಪ್ಪ ಅದನ್ನು ಮೆಲ್ಲಗೆ, ಫೋನಿಗೆ ಕೈ ಅಡ್ಡ ಇಟ್ಟುಕೊಂಡೇ ಇರಬೇಕು, ತಿರುಗಿ ಹೇಳಿದರು.

ಆಮೇಲೆ ನನ್ನ ಕೈಗೆ ಫೋನು ಕೊಡಿಸಿಕೊಂಡು, "ಯಾರವ್ವಾ ಆ ಹುಡುಗ? ನಾನು ನಂಬರ್ ಹೇಳೋಗಂಟ ತುಟಿ ಪಿಟಿಕ್ಕನ್ನಲಿಲ್ಲ. ಒಳ್ಳೆ ಹುಡುಗ," ಎಂದರು. ಸಂಕ್ರಾಂತಿಗೆ ಇನ್ನೇನು ತೊಂದರೆಯಿಲ್ಲ ಎಂದುಕೊಂಡು ಆ ದಿನವೆಲ್ಲ ಖುಷಿಯಲ್ಲಿದ್ದೆ.

ಬೇಲೂರಿನಲ್ಲಿ ಎಡವಟ್ಟಾಯಿತು. ಶಾಖೆಯಲ್ಲಿ ಒಬ್ಬರಿಗೆ ನನ್ನ ಮೇಲೆ ಅನುಮಾನ ಬಂತು. ನಾನು ನಮ್ಮ ವೇಷದ ರಿಪೇರಿ ಅಂಗಡಿಯ ಕಾರ್ಡು ಕೊಟ್ಟು ಜಾರಿಕೊಂಡೆ. ಕಾರ್ಡಿನಲ್ಲಿದ್ದದ್ದೂ ಅದೇ ಕೋಣೆಯ ನಂಬರು. ಸಾಯಂಕಾಲ ರಘುವಿಗೆ ಒಂದು ಫೋನು: "ಬೇಲೂರು ಆಸ್ಪತ್ರೆಯಿಂದ ಮಾತಾಡ್ತಿದೀವಿ, ನಿಮ್ಮ ಹುಡುಗಿಗೆ ಗಾಡಿ ಗುದ್ದಿದೆ, ಹೆಸರೇನು, ಯಾವ ಊರು?" ರಘು ಗಾಬರಿಬಿದ್ದು ನನ್ನ ನಿಜವಾದ ಹೆಸರು, ಊರು ಎಲ್ಲ ಹೇಳಿಬಿಟ್ಟ. ಅದು ಬ್ಯಾಂಕಿನ ಕಂಪ್ಯೂಟರ್ ವಿಭಾಗದವರು ಹೂಡಿದ ಆಟ. ನಾನು ಆ ಹೊತ್ತಿಗೆ ದೇವಸ್ಥಾನದ ಬೀದಿಯಲ್ಲಿ ಚುರುಮುರಿ ತಿನ್ನುತ್ತಿದ್ದೆ. ಬೆಂಗಳೂರಿನಿಂದ ನಮ್ಮ ಹಿರಿಯ ಅಧಿಕಾರಿ ರಘುವಿಗೆ ಮುಖಮೂತಿ ನೋಡದೆ ಬೈದರು. "ಇನ್ಮೇಲೆ ದೇವರೇ ಫೋನ್ ಮಾಡಿದ್ರೂ ನಂಬರ್ ಹೇಳದಿದ್ರೆ ಅಂಥೋರು ಯಾರೂ ಇಲ್ಲ ಅನ್ನು," ಎಂದರಂತೆ.

"ಪೆದ್ದ ಕಣೋ ನೀನು. ನಂಗೇನಾದ್ರೂ ಆದ್ರೆ ನಿನ್ನ ಬುದ್ಧಿ ಎಲ್ಲಿಗೆ ಹೋಗುತ್ತೆ?" ಎಂದು ರೇಗಿಸಿದೆ.

"ಹೋಗೇ ಹೋಗುತ್ತೆ," ಎಂದ. ಅಷ್ಟು ಹೇಳಿ ಮುಖ ಕೆಂಪು ಮಾಡಿಕೊಂಡ.

ಅಲ್ಲಿಂದ ನನ್ನನ್ನು ಬೇಲೂರಿನಿಂದ ತೆಗೆದು ಹಳೇಬೀಡಿನ ಕಡೆಗೆ ಕಳಿಸಿದರು. ಶಿಲ್ಪಗಳ ಮೇಲೆ ಪ್ರಬಂಧ ಬರೆಯುವವಳು ಎಂದು ಹೇಳಿಕೊಂಡು ಮಾದಿಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುವ ಪುಟ್ಟತಾಯಮ್ಮ ಎಂಬ ಹೆಂಗಸಿನ ಮನೆಯಲ್ಲಿ ಉಳಿದೆ. ಬೆಳಗ್ಗೆ ಹಳೇಬೀಡಿಗೆ ಹೋಗಿ ಬ್ಯಾಂಕು ಕಾಣುವ ಹೋಟೆಲಿನಲ್ಲಿ ಕೂರುವುದು, ಕರೆಂಟ್ ಬಂದರೆ ರಘುವಿಗೆ ಹೇಳುವುದು, ನಂದಿ ಎದ್ದನೇ ಎಂದು ಅವನು ನೋಡುವುದು. ರಸ್ತೆಯುದ್ದಕ್ಕೂ ರಾಗಿ ತೆನೆ ಹಾಸಿರುತ್ತಿದ್ದರು, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಲಿ ಎಂದು. ಮೈಯೆಲ್ಲ ರಾಗಿ ಹೊಟ್ಟಿನ ತುರಿಕೆ. ಪುಟ್ಟತಾಯಮ್ಮ ಬಿಸಿನೀರು ಕಾಸಿಕೊಟ್ಟು, "ಕಲ್ಲು ನೋಡಕ್ಕೆ ಇಷ್ಟು ದಿನ ಬೇಕೇನವ್ವಾ? ಅವೇನು ಓಡೋಯ್ತವಾ?" ಎನ್ನುತ್ತಿದ್ದಳು. ನಿಜ ಹೇಳುತ್ತೇನೆ, ಆ ದಿನಗಳು ಬಹಳ ಚೆನ್ನಾಗಿದ್ದವು.

ಹಾಗಿರುವಾಗಲೇ ಒಂದು ಬೆಳಗ್ಗೆ ಬಾಣಾವರದಲ್ಲಿ ಅಪ್ಪನಿಗೆ ಎದೆನೋವು ಬಂತು. ಭಾವ ಗಾಡಿ ಮಾಡಿಸಿ ಅರಸೀಕೆರೆಯ ಆಸ್ಪತ್ರೆಗೆ ಸೇರಿಸಿದರು. ಅಕ್ಕ ಹೊರಡುವ ಗಡಿಬಿಡಿಯಲ್ಲೂ ಗೋಡೆಯ ಮೇಲಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು. ಭಾವ ಮೊಬೈಲು ಹಿಡಿದುಕೊಂಡು ಔಷಧಿಗೆ ಓಡಾಡುತ್ತಿದ್ದರಿಂದ, ಆಸ್ಪತ್ರೆಯ ಎದುರಿನ ಕಾಯಿನ್ ಬೂತಿನಿಂದ ಕೋಣೆಗೆ ಫೋನು ಮಾಡಿದಳು. ಆ ಬೂತಿನಿಂದ ನಮ್ಮ ಕೊಬ್ಬರಿ ಮಂಡಿಗೆ ನಡೆದು ಹೋಗಬಹುದು. ಅಲ್ಲೇ, ಎರಡು ಬೀದಿ ಆಚೆ.

"ನಾನು ಮಂಜುಳನ ಅಕ್ಕ ಮಾತಾಡ್ತಿರೋದು. ಅಪ್ಪಂಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದೀವಿ, ಅವಳನ್ನ ಕರೀರಿ," ಎಂದಳಂತೆ.

ರಘು ಕಾದ. ಸಂಖ್ಯೆ ಬರಲಿ ಎಂದು ಕಾದ. ಬರಲಿಲ್ಲ. ನನ್ನ ಹೆಸರು, ಊರು ಬ್ಯಾಂಕಿನವರಿಗೆ ಅವನ ಬಾಯಿಂದಲೇ ಹೋಗಿತ್ತಲ್ಲ. ಮತ್ತೆ ಅದೇ ಆಸ್ಪತ್ರೆಯ ಆಟ ಎಂದುಕೊಂಡ. "ಅಂಥೋರು ಯಾರೂ ಇಲ್ಲಿಲ್ಲ," ಎಂದು ಫೋನು ಇಟ್ಟ.

ಮಧ್ಯಾಹ್ನ ಅಕ್ಕ ಮತ್ತೆ ಮಾಡಿದಳು. ಈ ಸಲ ಅಳುತ್ತಿದ್ದಳು. ರಘುವಿಗೆ ಮನಸ್ಸು ತಡೆಯಲಿಲ್ಲ, ಆದರೂ ಅದೇ ಮಾತು ಹೇಳಿ, ಬೆಂಗಳೂರಿಗೆ ಕೇಳಿದ. ಹೆಸರೂ ಊರೂ ಅವರಿಗೆ ಗೊತ್ತು, ಅಳೋದು ಯಾರಿಗೆ ಬರಲ್ಲ, ಸುಮ್ಮನಿರು ಎಂದರು ಅಲ್ಲಿಯವರು. ಬಿಸಿಲು ಇಳಿಯುವ ಹೊತ್ತಿಗೆ ಕಟ್ಟಳೆ ಮೀರಿ ಡ್ರಾಯರ್ ಎಳೆದು ನನ್ನ ಮೊಬೈಲು ಹಚ್ಚಿದ. ಭಾವನ ಮೆಸೇಜುಗಳು ಒಂದರ ಮೇಲೊಂದು ಬಂದವು.

ಹಳೇಬೀಡಿನ ಹೋಟೆಲಿನಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕರೆಂಟ್ ಬಂದು ನಂದಿ ಎದ್ದಿರಬೇಕು ಎಂದು ನಗುತ್ತಲೇ ಎತ್ತಿದೆ.

"ಎಪ್ಪತ್ತಮೂರು," ಎಂದ ರಘು. ಮೊದಲು ಸಂಖ್ಯೆ. ಆಮೇಲೆ, "ಅಪ್ಪ. ಅರಸೀಕೆರೆ ಆಸ್ಪತ್ರೆ. ಹೊರಡು ಮಂಜು, ನಾನು ಓಡ್ತಿದೀನಿ."

ಜಾವಗಲ್ ಮೇಲೆ ಹೋಗುವ ಬಸ್ಸು ಸಿಕ್ಕಿತು. ದಾರಿಯಲ್ಲಿ ಹಾಸಿದ್ದ ರಾಗಿಯ ಮೇಲೆ ಡ್ರೈವರು ಮೆಲ್ಲಗೆ ಹೋಗುತ್ತಿದ್ದ. ನಾನು ಎದ್ದು ಹೋಗಿ ಅವನಿಗೆ ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಅವನು ನನ್ನ ಮುಖ ನೋಡಿ, "ಆಯ್ತು ಕಣಮ್ಮ, ಕೂತ್ಕೋ," ಎಂದು ಜೋರಾಗಿ ಬಿಟ್ಟ. ಬಾಣಾವರ ಹತ್ತಿರವಾಯಿತು, ನಮ್ಮ ಮನೆ ಕಂಡಿತು, ಬೀಗ ಹಾಕಿತ್ತು. ಮುಂದೆ ಅಪ್ಪನ ಗೇಟು. ಮುಚ್ಚಿತ್ತು.

ಬಸ್ಸು ನಿಂತಿತು. ಗೂಡ್ಸ್ ಗಾಡಿ ಬರುವುದಿತ್ತು. ಗೇಟಿನ ಆ ಕಡೆ, ಅರಸೀಕೆರೆ ಕಡೆಯಿಂದ ಬಂದ ಒಂದು ಟೆಂಪೋ ನಿಂತಿತ್ತು. ಮುಂದುಗಡೆ ಡ್ರೈವರಿನ ಪಕ್ಕ ಭಾವ ಕೂತಿದ್ದರು, ತಲೆಗೆ ಟವೆಲು ಸುತ್ತಿಕೊಂಡು. ಅವರನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಅಷ್ಟರಲ್ಲಿ ಗೂಡ್ಸ್ ಅಡ್ಡ ಬಂತು. ಎಷ್ಟು ಡಬ್ಬಿಗಳಿದ್ದವೋ ಕಾಣೆ. ಅಪ್ಪ ಆ ಕಡೆ, ನಾನು ಈ ಕಡೆ. ಗೇಟು ತೆಗೆಯುವವರೆಗೆ ನಾನು ಬಸ್ಸಿಳಿದು ಗೇಟಿನ ಕಬ್ಬಿಣದ ಕಂಬಿ ಹಿಡಿದುಕೊಂಡು ನಿಂತೇ ಇದ್ದೆ.

ಮಾರನೇ ದಿನ ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಹೆಂಗಸರ ನಡುವೆ ಕೂತು ಅಕ್ಕ ಹೇಳುತ್ತಿದ್ದಳು. ರಘು ಬಂದಿದ್ದ, ಗಂಡಸರ ಹಿಂದೆ ಬೇಲಿಯ ಹತ್ತಿರ ನಿಂತಿದ್ದ. ಹಿಂದಿನ ದಿನ ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ, ಅಕ್ಕನ ಎದುರಿಗೆ ಹೋಗದೆ ಬಾಗಿಲಿನಿಂದಲೇ ತಿರುಗಿದ್ದನಂತೆ.

"ತಪ್ಪು ನಂಬರ್ ಕೊಟ್ಟು ಹೋಗವ್ಳೆ ಕಣ್ರವ್ವಾ ಇವಳು," ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಫೋನ್ ಮಾಡಿದ್ರೆ ಯಾವನೋ ಅಂಥೋರು ಯಾರೂ ಇಲ್ಲ ಅಂದ. ಎರಡು ಸಲ ಅಂದ. ಬಂದು ಅಪ್ಪಂಗೆ ಹೇಳ್ದೆ, ಹಿಂಗಂತಾರೆ ಕಣಪ್ಪಾ ಅಂತ. ಆವಾಗಿಂದ ಶುರುವಾಯ್ತು ನೋಡಿ ಕನವರಿಕೆ. ಫೋನ್ ಕೊಡವ್ವಾ, ಫೋನ್ ಕೊಡವ್ವಾ ಅಂತ ಕೈ ಚಾಚೋದು, ಎಪ್ಪತ್ತಮೂರು, ಎಪ್ಪತ್ತಮೂರು ಅನ್ನೋದು. ಪಾಪ, ಸಾಯೋ ಹೊತ್ತಲ್ಲೂ ಗೇಟಿಂದೇ ಚಿಂತೆ. ನನ್ನ ಕೈ ಹಿಡ್ಕೊಂಡು ಅಂಗಲಾಚಿದ್ರು ಕಣ್ರವ್ವಾ. ನಾನೇ ತಲೆ ಸವರಿ, ಗೇಟ್ ಮುಚ್ಚೈತೆ ಕಣಪ್ಪಾ, ಗಾಡಿ ಹೋಯ್ತು, ಮಲಗು ಅಂದೆ. ಆಮೇಲೆ ಸುಮ್ನಾದ್ರು."

ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ತಲೆ ಎತ್ತಿದೆ. ಬೇಲಿಯ ಹತ್ತಿರ ರಘು ನನ್ನನ್ನೇ ನೋಡುತ್ತಿದ್ದ. ಆ ಜನರ ನಡುವೆ ಎಪ್ಪತ್ತಮೂರು ಏನೆಂದು ಗೊತ್ತಿದ್ದವರು ನಾವಿಬ್ಬರೇ. ಅವನ ಮುಖ ನೋಡಲಾಗಲಿಲ್ಲ.

ಅಕ್ಕ ಎದ್ದು ಬಂದು, ಎಲ್ಲರನ್ನೂ ಕೇಳಿದ ಹಾಗೆ ಅವನನ್ನೂ, "ನೀವು ಯಾವೂರ್ರಿ?" ಎಂದಳು. ಅವನು ಕೈ ಮುಗಿದ. ಬಾಯಿ ತೆರೆಯಲಿಲ್ಲ. "ನಮ್ಮ ಆಫೀಸಿನವರು ಕಣಕ್ಕ," ಎಂದು ನಾನೇ ಅಡ್ಡ ಬಂದೆ.

ಅವನನ್ನು ಬಸ್ಸಿಗೆ ಬಿಡಲು ಗೇಟಿನವರೆಗೆ ಹೋದೆ.

"ನಿಮ್ಮಕ್ಕ ನನ್ನ ದನಿ ಎರಡು ಸಲ ಕೇಳಿದಾರೆ ಮಂಜು," ಎಂದ ರಘು. "ಅವರ ಮುಂದೆ ನಾನು ಇನ್ನು ಬಾಯಿ ಬಿಡೋ ಹಾಗಿಲ್ಲ."

"ಹೇಳಿಬಿಡೋಣ ಕಣೋ," ಎಂದೆ. ಹೇಳಿದ ತಕ್ಷಣ ನನಗೇ ತಿಳಿಯಿತು. ರಘು ಯಾಕೆ ಹಾಗೆ ಅಂದ ಎಂದು ಹೇಳಿದರೆ ನಂಬರಿನ ವಿಷಯ ಹೇಳಬೇಕು. ನಂಬರಿನ ವಿಷಯ ಹೇಳಿದರೆ, ಅಪ್ಪ ಕನವರಿಸುತ್ತಿರಲಿಲ್ಲ, ಬುದ್ಧಿ ನೆಟ್ಟಗಿದ್ದೇ, ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಕಿವಿಗೆ ಆ ನಂಬರು ಹಾಕಿ, ನನ್ನನ್ನು ಕರೆಸು ಎಂದು ಬೇಡುತ್ತಿದ್ದರು ಎಂದು ಅಕ್ಕನಿಗೆ ಗೊತ್ತಾಗುತ್ತದೆ. ಅವಳು ಅದನ್ನು ಕೇಳಿಸಿಕೊಂಡೂ ತಲೆ ಸವರಿ ಮಲಗಿಸಿದಳು. ಅದನ್ನು ತಿಳಿದುಕೊಂಡು ಅವಳು ಬದುಕುವುದು ಹೇಗೆ?

ರಘುವೂ ಅದನ್ನೇ ಯೋಚಿಸುತ್ತಿದ್ದ. "ಬೇಡ," ಎಂದ. ಬಸ್ಸು ಬಂತು, ಹತ್ತಿದ.

ಆ ಪರೀಕ್ಷೆ ಅರ್ಧಕ್ಕೇ ನಿಂತಿತು. ರಘು ಕೋಣೆ ಖಾಲಿ ಮಾಡುವ ಮುಂಚೆ ದರ್ಪಣಕ್ಕೆ ಅಳಿಸಿಕೊಳ್ಳುವಂತೆ ಹೇಳಿದ, ಅದು ಕೇಳಿತು. ನಂದಿಗೂ ಹೇಳಿದ. ಪ್ಲಗ್ಗು ಕಿತ್ತಿದ್ದರಿಂದ ಅದಕ್ಕೆ ಮುಟ್ಟಲೇ ಇಲ್ಲ. ಕೆಲವು ದಿನಗಳಾದ ಮೇಲೆ ಹಳೇಬೀಡಿನ ಮ್ಯಾನೇಜರು ಪ್ಲಗ್ಗು ಹಾಕಿದಾಗ ಅದು ಎದ್ದು ಒಂದೇ ಒಂದು ಸಲ 'ಇದ್ದೀನಿ' ಎಂದು ಕಳಿಸಿತಂತೆ. ಆಮೇಲೆ ಅದರ ಗಡುವು ಮುಗಿಯಿತು. ಕೊನೆಯ ಸಭೆಗೆ ನಾನು ಹೋಗಲಿಲ್ಲ. ಬ್ಯಾಂಕಿನವರು, ಬೇಲೂರಿನ ಆ ಒಂದು ಫೋನು ಬಿಟ್ಟರೆ ತಾವು ಇನ್ಯಾವ ಫೋನನ್ನೂ ಮಾಡಿರಲಿಲ್ಲ ಎಂದರಂತೆ. ಅದು ನಮಗೆ ಆಗಲೇ ಗೊತ್ತಿತ್ತಲ್ಲ.

ರಘು ಆ ಕಸುಬನ್ನೇ ಬಿಟ್ಟ. ಮೈಸೂರಿನಲ್ಲಿ ಪಾಠ ಹೇಳುತ್ತಾನೆ, ಮದುವೆಯಾಗಿದೆ, ಮಗಳಿದ್ದಾಳೆ ಎಂದು ಕೇಳಿದ್ದೇನೆ. ಚೆನ್ನಾಗಿರಲಿ. ಅವನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಮರೆಯುವುದು ಸುಲಭವಾಗುತ್ತಿತ್ತು. ನಾನು ಮದುವೆಯ ಮಾತು ಮತ್ತೆ ಎತ್ತಲಿಲ್ಲ, ಒಬ್ಬಳೇ ಉಳಿದೆ. ಅಕ್ಕನಿಗೆ ಅದೂ ಒಂದು ಕೊರಗು.

ಪ್ರತಿ ವರ್ಷ ಅಪ್ಪನಿಗೆ ಎಡೆ ಇಡುವ ದಿನ ಊರಿಗೆ ಹೋಗುತ್ತೇನೆ. ಅಪ್ಪನಿಗೆ ಇಷ್ಟವಾದ ಅವರೆಕಾಳು ಸಾರು, ರಾಗಿ ಮುದ್ದೆ ಎಡೆ ಇಟ್ಟು, ಅತ್ತು, ಆಮೇಲೆ ಅಕ್ಕ ನನಗೆ ಬೈಯುತ್ತಾಳೆ. "ನೆಟ್ಟಗೆ ಒಂದು ನಂಬರ್ ಕೊಟ್ಟು ಹೋಗಕ್ಕಾಗಲಿಲ್ವಲ್ಲೇ ನಿಂಗೆ! ಅಷ್ಟು ಓದಿ ಏನು ಬಂತು?" ಎನ್ನುತ್ತಾಳೆ. "ತಪ್ಪಾಯ್ತು ಕಣಕ್ಕ," ಎನ್ನುತ್ತೇನೆ. ಬೈದು ಮುಗಿಸಿ ಅವಳೇ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಾಳೆ.

ಮೊನ್ನೆ ಚೀಲ ಮುಟ್ಟಿತೋ ಇಲ್ಲವೋ ಎಂದು ಫೋನು ಮಾಡಿದ್ದಳು. ಕೊಬ್ಬರಿ ಒಡೆದೆ ಎಂದೆ. ದನಿ ಯಾಕೋ ಒಂಥರಾ ಇದೆಯಲ್ಲೇ ಎಂದಳು. ಅಪ್ಪ ನೆನಪಾದರು ಎಂದೆ.

"ಒಂದೇ ಒಂದು ನೆಮ್ಮದಿ ಕಣೇ ನಂಗೆ," ಎಂದಳು ಆಮೇಲೆ. "ಕೊನೇಲಿ ಗೇಟ್ ಮುಚ್ಚೈತೆ ಅಂತ ಹೇಳಿ ಸಮಾಧಾನ ಮಾಡಿದ್ನಲ್ಲ. ಆ ಚಿಂತೆ ಇಟ್ಕೊಂಡು ಹೋಗಲಿಲ್ಲ ಅಪ್ಪ."

"ಹೂಂ ಕಣಕ್ಕ," ಎಂದೆ. "ಒಳ್ಳೇದು ಮಾಡಿದೆ."